ಬಂಡೆ ನಡುವೆ ಬ್ಯಾಸ್ ಹಿಡಿಯಲು ಯಾವ ಲೂರ್? ನಾಲ್ಕನ್ನು ಕಟ್ಟಿ ನೋಡಿದೆ

ಕಲ್ಲಿರುವ ಕಡೆ ಬ್ಯಾಸ್ (ಬೇಟೆಯಾಡಿ ತಿನ್ನುವ ಸಿಹಿನೀರಿನ ಮೀನು) ಇರುತ್ತದೆ ಅನ್ನೋದು ಗಾಳ ಹಿಡಿದ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಕಲ್ಲಿರುವ ಕಡೆ ಹಾಕಿದ ಲೂರ್, ಅಂದ್ರೆ ಗಾಳಕ್ಕೆ ಕಟ್ಟುವ ಕೃತಕ ಎರೆ, ವಾಪಸ್ ಬರೋದಿಲ್ಲ ಅನ್ನೋದು ಎರಡನೇ ವಾರದಲ್ಲಿ. ನನಗೆ ಎರಡೂ ಒಂದೇ ಬೆಳಗ್ಗೆ ಗೊತ್ತಾಯಿತು: ಒಂದು ಮೀನು, ಐದು ಲೂರ್ ನಷ್ಟ. ಮನೆಗೆ ಬರುವಾಗ ಡಬ್ಬಿ ಎಷ್ಟು ಹಗುರ ಆಗಿತ್ತು ಅಂದ್ರೆ, ಕೈಗೇ ಗೊತ್ತಾಗುತ್ತಿತ್ತು.

ಆ ದಿನ ತಲೆಗೆ ಹೊಳೆದದ್ದು ಇಷ್ಟೆ. 'ಯಾವ ಲೂರ್‌ಗೆ ಜಾಸ್ತಿ ಮೀನು ಬೀಳುತ್ತೆ' ಅಂತ ಕೇಳುತ್ತಾ ಕೂತರೆ ಬಂಡೆ ಜಾಗದಲ್ಲಿ ಕೆಲಸ ಆಗೋದಿಲ್ಲ. 'ಕಲ್ಲಿಗೆ ತಾಗಿದ ಮೇಲೆ ಈ ಲೂರ್ ಏನು ಮಾಡುತ್ತೆ' ಅಂತ ಕೇಳಬೇಕು. ತಾಗದೇ ಬಂದರೆ ಮೀನಿಲ್ಲ, ತಾಗಿ ಸಿಕ್ಕಿಕೊಂಡರೆ ಲೂರ್ ಇಲ್ಲ. ಇವೆರಡರ ನಡುವೆ ಯಾವುದು ಬದುಕಿ ಬರುತ್ತದೋ ಅದೇ ಒಳ್ಳೆಯದು.

ಅದಕ್ಕೇ ವಸಂತದಿಂದ ಬೇಸಿಗೆ ಮುಗಿಯುವವರೆಗೆ ಒಂದೇ ದಡದಲ್ಲಿ ನಾಲ್ಕು ಲೂರ್‌ಗಳನ್ನು ಸರದಿಯಲ್ಲಿ ಕಟ್ಟಿ ನೋಡಿದೆ. ಚೌಕ ಮೂತಿಯ ಕ್ರ್ಯಾಂಕ್‌ಬೈಟ್, ಫುಟ್‌ಬಾಲ್ ಜಿಗ್, ನೆಡ್ ರಿಗ್, ಟ್ಯೂಬ್. ದಡದ ಹತ್ತಿರ ಮೊಣಕಾಲು ಮುಳುಗುವಷ್ಟು ನೀರು, ಅಲ್ಲಿಂದ ಕಲ್ಲುಗಳು ಇಳಿಜಾರಾಗಿ ನಾಲ್ಕು ಮೀಟರ್ ಆಳದವರೆಗೆ ಹೋಗಿ ಜಲ್ಲಿ ನೆಲದಲ್ಲಿ ಮುಗಿಯುತ್ತವೆ. ಕಲ್ಲುಗಳೋ, ಕೆಲವು ತಲೆ ಗಾತ್ರ, ಕೆಲವು ಬೀರು ಗಾತ್ರ. ಸಂದಿಗಳಿಗೆ ಲೆಕ್ಕವೇ ಇಲ್ಲ.

ಆ ಸಂದಿಗಳಲ್ಲಿ ಕ್ರೇಫಿಶ್ ಇರುತ್ತವೆ. ಮುಂದೆ ಎರಡು ಇಕ್ಕಳ ಇರುವ ಸಿಹಿನೀರಿನ ಸಿಗಡಿ ಅಂದುಕೊಳ್ಳಿ. ಕಲ್ಲಿನ ಮೇಲಿನ ಪಾಚಿಯ ಸುತ್ತ ಸಣ್ಣ ಮೀನೂ ಸೇರುತ್ತವೆ. ಬ್ಯಾಸ್‌ಗೆ ಊಟ, ನೆರಳು ಎರಡೂ ಒಂದೇ ಕಡೆ. ಅದು ಬೇರೆ ಕಡೆ ಯಾಕೆ ಹೋಗಬೇಕು, ಅಲ್ವಾ?

ಮೊದಲು ಕ್ರ್ಯಾಂಕ್‌ಬೈಟ್. ಇದರ ಮೂತಿಯಲ್ಲಿ ಒಂದು ಪ್ಲಾಸ್ಟಿಕ್ ನಾಲಿಗೆ ಇರುತ್ತದೆ, ತುದಿ ದುಂಡಗಿರದೆ ಚೌಕವಾಗಿ ಕತ್ತರಿಸಿದ ಹಾಗೆ. ಎಳೆದಾಗ ಲೂರ್ ತಲೆ ತಗ್ಗಿಸಿಕೊಂಡು ಬರುತ್ತದೆ, ಹಾಗಾಗಿ ಕಲ್ಲಿಗೆ ಮೊದಲು ತಾಗೋದು ಆ ನಾಲಿಗೆ. ತಾಗಿದ ಕೂಡಲೇ ಲೂರ್ ಪಕ್ಕಕ್ಕೆ ಹಾರಿ, ಮುಗ್ಗರಿಸಿ, ಮತ್ತೆ ದಾರಿ ಹಿಡಿಯುತ್ತದೆ. ಮೂರು ಮುಳ್ಳಿನ ಕೊಕ್ಕೆಗಳು ಎರಡೂ ಹಿಂದೆ ಇರೋದರಿಂದ ಮುಕ್ಕಾಲು ಪಾಲು ಉಳಿದುಕೊಳ್ಳುತ್ತವೆ. ಮೀನು ಬೀಳೋದು ಆ ಮುಗ್ಗರಿಸಿದ ಕ್ಷಣದಲ್ಲೇ. ಟಕ್ ಟಕ್ ಅಂತ ಕಲ್ಲು ತಾಗುತ್ತಿರುತ್ತದೆ, ಒಂದು ಟಕ್ ಆದಮೇಲೆ ಇನ್ನೊಂದು ಬರೋದೇ ಇಲ್ಲ, ಲೈನ್ ಭಾರ ಆಗಿ ಪಕ್ಕಕ್ಕೆ ಹೊರಟಿರುತ್ತದೆ. ಕಲ್ಲು ಮುಟ್ಟದೆ ನಡುನೀರಿನಲ್ಲಿ ಚೆಂದವಾಗಿ ಈಜಿಕೊಂಡು ಬಂದ ಸಲ ನನಗೆ ಹೆಚ್ಚುಕಡಿಮೆ ಏನೂ ಸಿಗಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ದಡದಲ್ಲಿ ನಿಂತು ನೇರ ಮುಂದಕ್ಕೆ ಬೀಸುತ್ತಿದ್ದದ್ದು. ಹಾಗೆ ಬೀಸಿದರೆ ಲೂರ್ ಬಹುಪಾಲು ದಾರಿ ಖಾಲಿ ನೀರಿನಲ್ಲಿ ಬಂದು, ಕೊನೆಯ ಎರಡು ಮೀಟರ್‌ನಲ್ಲಿ ಮಾತ್ರ ಕಲ್ಲು ಮುಟ್ಟುತ್ತದೆ. ದಡಕ್ಕೆ ಸಮಾನಾಂತರವಾಗಿ ಬೀಸಿದ ಮೇಲೆ ಪೂರ್ತಿ ದಾರಿ ಟಕ್ ಟಕ್. ಎರಡನೇ ತಪ್ಪು, ಸಿಕ್ಕಿಕೊಂಡಾಗ ಜಗ್ಗುತ್ತಿದ್ದದ್ದು. ಜಗ್ಗಬೇಡಿ. ಇದು ತೇಲುವ ಲೂರ್. ಲೈನ್ ಸಡಿಲ ಬಿಟ್ಟು ಹತ್ತು ಎಣಿಸಿದರೆ ಎಷ್ಟೋ ಸಲ ತಾನೇ ಹಿಂದಕ್ಕೆ ಬಿಡಿಸಿಕೊಂಡು ಮೇಲೆ ಬರುತ್ತದೆ. ಕಳೆದುಕೊಂಡ ಐದರಲ್ಲಿ ಮೂರು ನನ್ನ ಅವಸರಕ್ಕೇ ಹೋದವು ಅಂತ ಈಗ ಅನ್ನಿಸುತ್ತದೆ.

ಇದರ ಮಿತಿ ಆಳ. ಒಂದರಿಂದ ಒಂದೂವರೆ ಮೀಟರ್, ಅಷ್ಟೆ. ಇನ್ನೂ ಕೆಳಗೆ ಹೋಗಬೇಕೆಂದರೆ ಉದ್ದ ನಾಲಿಗೆಯದ್ದು ಬೇಕು, ಆದರೆ ಆ ಉದ್ದ ನಾಲಿಗೆಯೇ ಸಂದಿಯಲ್ಲಿ ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ನೀರು 10 ರಿಂದ 15 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಮೊಟ್ಟೆ ಇಡುವ ಮುಂಚೆ ಮೀನು ದಡಕ್ಕೆ ಬರುವ ಹೊತ್ತಲ್ಲಿ, ಕೆಂಪು-ಕಂದು ಬಣ್ಣದ ಕ್ರ್ಯಾಂಕ್‌ಬೈಟ್‌ಗೆ ಉಳಿದ ಮೂರರಲ್ಲಿ ಯಾವುದೂ ಸಮ ಬರಲಿಲ್ಲ.

ಇನ್ನು ಜಿಗ್, ಅಂದ್ರೆ ಕೊಕ್ಕೆಗೇ ಲೋಹದ ಭಾರದ ತಲೆ ಕೂರಿಸಿದ ಲೂರ್. ನಾನು ಇದರ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ಫುಟ್‌ಬಾಲ್ ಜಿಗ್‌ನ ತಲೆ ಅಡ್ಡಡ್ಡ ಅಗಲ, ಅಮೆರಿಕನ್ ಫುಟ್‌ಬಾಲನ್ನು ಅಡ್ಡ ಹಿಡಿದ ಹಾಗೆ. ತಲೆಗಿಂತ ಕಿರಿದಾದ ಸಂದಿಯೊಳಗೆ ಅದು ಇಳಿಯೋದಿಲ್ಲ, ಮೇಲಿಂದಲೇ ದಾಟುತ್ತದೆ. ಚೂಪು ತಲೆಯ ಜಿಗ್ ಆದರೆ ಅದೇ ಸಂದಿಗೆ ಬೀಗದ ಕೈ ಥರ ಹೋಗಿ ಕೂರುತ್ತದೆ. ಜೊತೆಗೆ ಕಲ್ಲಿನ ನೆತ್ತಿ ಹತ್ತಿ ಇಳಿಯುವಾಗ ಈ ತಲೆ ಮುಂದಕ್ಕೆ ಉರುಳುತ್ತದೆ, ಹಿಂದಿನ ರಬ್ಬರ್ ಇಕ್ಕಳಗಳು ಮೇಲೇಳುತ್ತವೆ. ಹೆದರಿದ ಕ್ರೇಫಿಶ್ ನಿಲ್ಲೋದೂ ಹಾಗೇ, ಇಕ್ಕಳ ಎತ್ತಿಕೊಂಡು.

ಇದನ್ನು ಕುಣಿಸಬಾರದು, ಎಳೆಯಬೇಕು. ರೀಲ್ ಮುಟ್ಟದೆ ರಾಡನ್ನು ಮಾತ್ರ ಪಕ್ಕಕ್ಕೆ ನಿಧಾನ ಸರಿಸಿದರೆ ಕೈಗೆ ಎಲ್ಲವೂ ಗೊತ್ತಾಗುತ್ತದೆ. ಜಲ್ಲಿ ಆದರೆ ಸಣ್ಣಗೆ ಗರಗರ. ಬಂಡೆ ಬಂದಾಗ ತಡೆ, ರಾಡ್ ತುದಿ ಸ್ವಲ್ಪ ಬಾಗುತ್ತದೆ, ಆಮೇಲೆ ಠಣ್ ಅಂತ ಆಚೆ ಕಡೆ ಬೀಳುತ್ತದೆ. ಆ ಬಿದ್ದ ಕಡೆ ಒಂದು ನಿಮಿಷ ಸುಮ್ನೆ ಬಿಡಿ. ಮೀನು ಹಿಡಿದಾಗ ಎಳೆತ ಬರುತ್ತೆ ಅಂತ ಕಾಯಬೇಡಿ. ಕೆಳಗೆ ಒದ್ದೆ ಬಟ್ಟೆ ಸಿಕ್ಕಿದ ಹಾಗೆ ಮೆತ್ತಗಿನ ಭಾರ, ಅಷ್ಟೇ. ಕಲ್ಲು ಮೆತ್ತಗಿರೋದಿಲ್ಲ! ನನಗೆ ಈ ವ್ಯತ್ಯಾಸ ಕೈಗೆ ಹತ್ತಲು ಎರಡು ತಿಂಗಳು ಹಿಡಿಯಿತು, ಅಷ್ಟರಲ್ಲಿ ಎಷ್ಟು ಮೀನು ಜಿಗ್ ಬಾಯಿಗಿಟ್ಟು ಉಗಿದು ಹೋದವೋ.

ತೂಕ ಮೊದಲು 21 ಗ್ರಾಂ ಕಟ್ಟಿದೆ, ನೆಲ ಚೆನ್ನಾಗಿ ಗೊತ್ತಾಗಲಿ ಅಂತ. ಗೊತ್ತಾಯಿತು, ಜೊತೆಗೆ ಪ್ರತಿ ಸಂದಿಗೂ ಇಳಿಯಿತು. 14 ಗ್ರಾಂ ಸರಿಹೋಯಿತು, ಗಾಳಿ ಇಲ್ಲದ ದಿನ 10 ಗ್ರಾಂ ಇನ್ನೂ ಕಡಿಮೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯ ಮುಂದೆ ಇರುವ ನಾರಿನ ಕುಂಚ ಕಲ್ಲಿನಿಂದ ಕಾಪಾಡುತ್ತೆ ಅಂತ ನಂಬಿದ್ದೆ. ಅದು ಕಡ್ಡಿ, ಕಳೆಗಿಡಕ್ಕೆ ಸರಿ. ಕಲ್ಲಲ್ಲಿ ಸಿಕ್ಕಿಬೀಳೋದು ಕೊಕ್ಕೆಯಲ್ಲ, ತಲೆ. ತಲೆಗೆ ಕುಂಚ ಏನು ಮಾಡೀತು? ನಾನು ಅರ್ಧ ನಾರು ಕತ್ತರಿಸಿ ಹಾಕುತ್ತೇನೆ, ಕೊಕ್ಕೆ ಸಲೀಸಾಗಿ ನಾಟುತ್ತದೆ.

ಸಂಖ್ಯೆಯಲ್ಲಿ ಜಿಗ್ ಮೊದಲಿಲ್ಲ. ಆದರೆ ಆ ಸೀಸನ್‌ನಲ್ಲಿ ನಾನು ಹಿಡಿದ ದೊಡ್ಡ ಮೂರು ಮೀನೂ ಜಿಗ್‌ಗೇ ಬಿದ್ದದ್ದು, ಮೂರೂ ಕಲ್ಲು ಮುಗಿದು ಜಲ್ಲಿ ಶುರುವಾಗುವ ಗೆರೆಯಲ್ಲಿ. ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಬದಲಾಗುವ ಕಡೆ ಗಮನ ಇರಲಿ.

ಸಂಖ್ಯೆ ಬೇಕೆಂದರೆ ನೆಡ್ ರಿಗ್. ಅಣಬೆ ಆಕಾರದ ಸಣ್ಣ ತಲೆ, ಮೂರು ಗ್ರಾಂ ಆಸುಪಾಸು, ಅದಕ್ಕೆ ಏಳು ಸೆಂಟಿಮೀಟರ್‌ನ ಮೊಂಡು ರಬ್ಬರ್ ತುಂಡು. ನೋಡಿದರೆ ನಗು ಬರುತ್ತದೆ. ನನ್ನ ಜೊತೆಗಾರ 'ಇದೇನು ಮಾರಾಯ, ಸೀಮೆಸುಣ್ಣ ಕಟ್ಟಿದ್ದೀಯಾ' ಅಂದ. ಅವನು ಅಂದು ಸಂಜೆ ನನ್ನ ಡಬ್ಬಿಯಿಂದಲೇ ಎರಡು ಕೇಳಿ ತೆಗೆದುಕೊಂಡ. ಇದಕ್ಕೆ ಹಾಕುವ ರಬ್ಬರ್‌ನಲ್ಲಿ ತೇಲುವ ಜಾತಿಯೊಂದಿದೆ, ಅದನ್ನೇ ಕಟ್ಟಿ. ತಲೆ ನೆಲದಲ್ಲಿ ಕೂತಾಗ ಬಾಲ ನೆಟ್ಟಗೆ ನಿಲ್ಲುತ್ತದೆ, ಕೊಕ್ಕೆಯ ಮೊನೆಯೂ ಮೇಲೆ ಇರುತ್ತದೆ. ಹಗುರ ಇರೋದರಿಂದ ಸಂದಿಗೆ ಬಿದ್ದರೂ ಬೆಣೆಯಂತೆ ಕೂರೋದಿಲ್ಲ. ನಾಲ್ಕರಲ್ಲಿ ಕಡಿಮೆ ಕಳೆದುಕೊಂಡದ್ದು ಇದನ್ನೇ, ನಾನು ಉಲ್ಟಾ ಆಗುತ್ತೆ ಅಂದುಕೊಂಡಿದ್ದೆ.

ತೊಂದರೆ ಇಲ್ಲ ಅಂತಲ್ಲ. ಗಾಳಿ ಬೀಸಿದರೆ ಲೈನ್ ಬಿಲ್ಲಿನ ಹಾಗೆ ಬಾಗಿ ಕೆಳಗೆ ಏನಾಗ್ತಿದೆ ಅಂತಲೇ ತಿಳಿಯೋದಿಲ್ಲ. ತೆಳು ಲೈನ್ ಬೇಕು, ತೆಳು ಲೈನ್‌ಗೆ ಕಲ್ಲಿನ ಅಂಚು ಶತ್ರು. ಬೀಳುವ ಮೀನೂ ಹೆಚ್ಚಾಗಿ ಅಂಗೈ ಅಗಲದವು. ನೀರು ತಿಳಿಯಾಗಿ, ಬಿಸಿಲು ನೆತ್ತಿಗೆ ಬಂದು, ಬೇರೆ ಯಾವುದಕ್ಕೂ ಮೀನು ಮೂಸದ ದಿನ ಮಾತ್ರ ಇದು ದೇವರು.

ಟ್ಯೂಬ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟೊಳ್ಳು ರಬ್ಬರ್ ಕೊಳವೆ, ತುದಿಯಲ್ಲಿ ಎಳೆಎಳೆ ಬಾಲ, ಒಳಗೆ ಜಿಗ್ ತಲೆ. ಬೀಳುವಾಗ ಸುರುಳಿ ಸುತ್ತುತ್ತಾ ಇಳಿಯುತ್ತದೆ, ಸ್ಮಾಲ್‌ಮೌತ್ ಜಾತಿಯ ಬ್ಯಾಸ್‌ಗೆ ಆ ಸುರುಳಿ ಅಂದ್ರೆ ಪ್ರಾಣ. ಆದರೆ ಕೊಕ್ಕೆಯ ಮೊನೆ ಹೊರಗಿರುವ ಟ್ಯೂಬನ್ನು ದೊಡ್ಡ ಕಲ್ಲುಗಳ ನಡುವೆ ಬಿಡೋದು ಅಂದ್ರೆ ಬಾವಿಗೆ ಕಲ್ಲು ಹಾಕಿದ ಹಾಗೆ. ಮುಷ್ಟಿ ಗಾತ್ರದ ಕಲ್ಲು ಹರಡಿರುವ ಸಮನೆಲ ಇದ್ದರೆ ಕಟ್ಟಿ, ಇಲ್ಲದಿದ್ದರೆ ಡಬ್ಬಿಯಲ್ಲೇ ಇರಲಿ. ಡ್ರಾಪ್ ಶಾಟ್ (ಲೈನ್ ತುದಿಗೆ ತೂಕ, ಅದರ ಮೇಲೆ ಕೊಕ್ಕೆ ಕಟ್ಟುವ ರೀತಿ) ಪಟ್ಟಿಯಲ್ಲಿರಲಿಲ್ಲ, ಎರಡು ದಿನ ಮಾತ್ರ ನೋಡಿದೆ. ದುಂಡು ತೂಕದ ಬದಲು ಪೆನ್ಸಿಲ್ ಥರದ ಉದ್ದ ತೂಕ ಹಾಕಿದರೆ ಸಂದಿಯಿಂದ ಸಲೀಸಾಗಿ ಬರುತ್ತದೆ. ಬರದಿದ್ದರೂ ಲೈನ್ ತೂಕದ ಹಿಡಿಕೆಯಿಂದ ಜಾರಿ, ಹೋಗೋದು ತೂಕ ಒಂದೇ.

ಲೈನ್ ಸರಿ ಇಲ್ಲದಿದ್ದರೆ ಈ ಹೋಲಿಕೆಗೆಲ್ಲ ಅರ್ಥ ಇಲ್ಲ. ಹೆಣೆದ ಲೈನ್ ಗಟ್ಟಿ ಅಂತ ನೇರವಾಗಿ ಜಿಗ್‌ಗೆ ಕಟ್ಟಿದ್ದೆ. ಬಿಗಿಯಾಗಿದ್ದಾಗ ಕಲ್ಲಿನ ಅಂಚು ತಾಗಿತು, ದಾರ ಕತ್ತರಿಸಿದ ಹಾಗೆ ತುಂಡಾಯಿತು, ಮೀನೂ ಹೋಯಿತು. ಈಗ ತುದಿಗೆ ಫ್ಲೋರೋಕಾರ್ಬನ್ ಅನ್ನೋ ಒಂಟಿ ಎಳೆಯ ಲೈನ್ ತುಂಡು ಇಲ್ಲದೆ ಬೀಸೋದೇ ಇಲ್ಲ. ಅದು ಉಜ್ಜಿದರೂ ಬೇಗ ಸವೆಯೋದಿಲ್ಲ, ನೀರಲ್ಲಿ ಮುಳುಗುತ್ತದೆ ಕೂಡ. ಹಾಗಿದ್ದರೂ ಪ್ರತಿ ಹತ್ತು ಬೀಸಿಗೊಮ್ಮೆ ಕೊನೆಯ ಅರ್ಧ ಮೀಟರನ್ನು ತುಟಿಗಳ ನಡುವೆ ಎಳೆದು ನೋಡಿ. ಬೆರಳಿಗೆ ಗೊತ್ತಾಗದ ತರಿ ತುಟಿಗೆ ಗೊತ್ತಾಗುತ್ತದೆ. ತರಿ ಸಿಕ್ಕರೆ ಕತ್ತರಿಸಿ ಹೊಸ ಗಂಟು ಹಾಕಿ, ಸೋಮಾರಿತನ ಬೇಡ. ಕೊಕ್ಕೆ ಮೊನೆಯನ್ನೂ ಉಗುರಿನ ಮೇಲೆ ಎಳೆದು ನೋಡಿ, ಗೀರದೆ ಜಾರಿದರೆ ಮೊಂಡಾಗಿದೆ ಅಂತ. ಇನ್ನು ತೂಕಕ್ಕೆ ಸೀಸವೋ ಟಂಗ್‌ಸ್ಟನ್ನೋ ಅಂತ ಕೇಳಿದರೆ, ಟಂಗ್‌ಸ್ಟನ್ ಸಾಂದ್ರತೆ ಸೀಸದ ಸುಮಾರು 1.7 ಪಟ್ಟು, ಅಷ್ಟೇ ತೂಕಕ್ಕೆ ಗಾತ್ರ ಸಣ್ಣದು. ಗಡಸು ಇರೋದರಿಂದ ಕಲ್ಲಿನ ಸದ್ದು ಕೈಗೆ ಚೊಕ್ಕವಾಗಿ ಬರುತ್ತದೆ. ಆದರೆ ಕಳೆದುಕೊಂಡಾಗ ಹೊಟ್ಟೆ ಉರಿಯೋದೂ ಜಾಸ್ತಿ. ನಾನು ಗೊತ್ತಿರುವ ಜಾಗದಲ್ಲಿ ಟಂಗ್‌ಸ್ಟನ್, ಹೊಸ ಜಾಗದಲ್ಲಿ ಸೀಸ.

ಈಗ ಎರಡು ರಾಡ್ ಒಯ್ಯುತ್ತೇನೆ. ಬೆಳಗ್ಗೆ ಮೇಲಿನ ಒಂದೂವರೆ ಮೀಟರ್‌ಗೆ ಕ್ರ್ಯಾಂಕ್‌ಬೈಟ್, ಬಿಸಿಲೇರಿದ ಮೇಲೆ ಕೆಳಗಿನ ಗೆರೆಗೆ ಜಿಗ್. ನೆಡ್ ಜೇಬಲ್ಲಿ.

ಬೇಸಿಗೆ ಕೊನೆಯಲ್ಲಿ ನೀರು ಒಂದು ಮೀಟರ್‌ಗೂ ಜಾಸ್ತಿ ಇಳಿಯಿತು, ಅದೇ ದಡದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ನಡೆದೆ. ಒಂದು ಸಂದಿಯಲ್ಲಿ ನನ್ನದೇ ಕ್ರ್ಯಾಂಕ್‌ಬೈಟ್, ಬಣ್ಣ ಮಾಸಿತ್ತು. ಅದರ ಆಚೆ ಯಾರ್ಯಾರದ್ದೋ ಚೂಪು ತಲೆಯ ಜಿಗ್ ನಾಲ್ಕು, ಟ್ಯೂಬ್‌ನ ತಲೆ ಎರಡು. ಕೂತು ನೋಡಿದೆ. ಎಲ್ಲವೂ V ಆಕಾರದ ಸಂದಿಯ ಕಿರಿದಾದ ಬದಿಗೆ ಸಿಕ್ಕಿದ್ದವು, ಆ ಬದಿ ಇದ್ದದ್ದು ನಾವೆಲ್ಲ ನಿಲ್ಲುವ ಚಪ್ಪಟೆ ಬಂಡೆಯ ಕಡೆಗೆ. ಒಂದನ್ನು ಎರಡು ಬೆರಳಲ್ಲಿ ಹಿಡಿದು ಆಚೆಗೆ ತಳ್ಳಿದೆ, ಸುಲಭವಾಗಿ ಬಿಡಿಸಿಕೊಂಡು ಬಂತು. ಈಗ ಇನ್ನೊಂದು ತುದಿಯಿಂದ ಬೀಸುತ್ತೇನೆ, ಅಲ್ಲಿ ನಿಲ್ಲಲು ಜಾಗ ಸರಿಯಿಲ್ಲ, ಒಂದು ಕಾಲು ನೀರಲ್ಲೇ ಇರಬೇಕು.