ಕಲರ್ ಔಟ್ ಆದ ಜೇಡ: ಪ್ರೆಸ್‌ನವನು ಕಂಡ 'ಅಕ್ರಾಸ್ ದ ಸ್ಪೈಡರ್-ವರ್ಸ್'

ನಾನು ಗದಗಿನಲ್ಲಿ ಆಫ್‌ಸೆಟ್ ಮಷಿನ್ ಓಡಿಸುವವನು. 22 ವರ್ಷ ಆಯಿತು. ಮುದ್ರಣ ಕಾಶಿ ಅಂತಲೇ ನಮ್ಮೂರಿಗೆ ಹೆಸರು. ಮದುವೆ ಕಾರ್ಡು, ಕ್ಯಾಲೆಂಡರು, ಶಾಲೆಯ ಗೈಡು, ಜಾತ್ರೆ ಪೋಸ್ಟರು, ಎಲ್ಲ ನನ್ನ ಕೈಮೇಲೆ ಹೋಗಿವೆ. ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವ ಮಾತು ಒಂದಿದೆ. "ಕಲರ್ ಔಟ್ ಆಗೇತಿ." ಸಯಾನ್, ಮಜೆಂಟಾ, ಹಳದಿ, ಕಪ್ಪು, ಈ ನಾಲ್ಕು ಬಣ್ಣ ನಾಲ್ಕು ಪ್ಲೇಟಿನಿಂದ ಬಂದು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಮದುಮಗಳ ತುಟಿ ಎರಡಾಗುತ್ತದೆ. ಅಕ್ಷರದ ಪಕ್ಕ ಕೆಂಪು ನೆರಳು ಏಳುತ್ತದೆ. ಆ ಶೀಟು ಸೀದಾ ರದ್ದಿಗೆ.

2023ರ ಜೂನ್ ಮೊದಲ ವಾರ ಮಗಳ ಜೊತೆ ಹುಬ್ಬಳ್ಳಿಗೆ ಹೋಗಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಎಂಬ ಅನಿಮೇಷನ್ ಸಿನಿಮಾ ನೋಡಿದೆ. ಆಗ ಅವಳು ಒಂಬತ್ತನೇ ಕ್ಲಾಸು. ಸಿನಿಮಾದಲ್ಲಿ ಸ್ಪೈಡರ್-ಮ್ಯಾನ್ ಆಗಿರುವ ಮೈಲ್ಸ್ ಮೊರಾಲೆಸ್ ಎಂಬ ಹುಡುಗನ ಊರು, ನ್ಯೂಯಾರ್ಕಿನ ಬ್ರೂಕ್ಲಿನ್, ಬಂದಾಗ ನನ್ನ ಎದೆ ಧಸಕ್ ಅಂದಿತು. ದೂರದ ಕಟ್ಟಡಗಳ ಅಂಚಿನಲ್ಲೆಲ್ಲ ಬಣ್ಣ ಸರಿದಿದೆ. ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ಮಗಳು ಕಿವಿಯ ಹತ್ತಿರ ಬಂದು, "ಅಪ್ಪಾ, ತ್ರೀಡಿ ಕನ್ನಡಕ ಕೊಡೋದು ಮರತಾರೇನು?" ಅಂದಳು. "ಇಲ್ಲವ್ವಾ, ಇದು ಬೇಕಂತ ಮಾಡಿದ್ದು" ಅಂದೆ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ನೆರಳಿದ್ದ ಕಡೆ ಚುಕ್ಕಿಗಳು ಕಾಣುತ್ತಿದ್ದವು. ಪ್ರೆಸ್‌ನಲ್ಲಿ ನಾವು ಲೆನ್ಸ್ ಇಟ್ಟು ಎಣಿಸುವ ಡಾಟ್‌ಗಳವು.

ಕ್ಯಾಮೆರಾದಲ್ಲಿ ದೂರದ ವಸ್ತು ಮಸುಕಾಗುತ್ತದಲ್ಲ, ಆ ಮಸುಕಿನ ಬದಲು ಇವರು ಬಣ್ಣಗಳನ್ನು ಸರಿಸಿಬಿಟ್ಟಿದ್ದಾರೆ. ಹಳೆಯ ಕಾಮಿಕ್ ಪುಸ್ತಕಗಳು ಅಗ್ಗದ ಕಾಗದದ ಮೇಲೆ, ಅವಸರದಲ್ಲಿ ಅಚ್ಚಾಗುತ್ತಿದ್ದವು. ಬಣ್ಣ ಸರಿಯುವುದು ಮಾಮೂಲಿ. ಆ ತಪ್ಪನ್ನು ನೋಡುತ್ತಲೇ ಬೆಳೆದ ಓದುಗರಿಗೆ ಅದು ಅವರ ಬಾಲ್ಯದ ಬಣ್ಣ. ಅದನ್ನು ಅಷ್ಟು ಪ್ರೀತಿಯಿಂದ ಹುಡುಕಿ ತಂದಿದ್ದಾರೆ ಅನ್ನಿಸಿ ನನಗೆ ಗಂಟಲು ಕಟ್ಟಿತು. ನಮ್ಮ ಕಸುಬಿನ ತಪ್ಪೊಂದನ್ನು ಯಾರೋ ಚಂದ ಅಂತ ಎತ್ತಿ ಹಿಡಿದಿದ್ದು ನಾನು ನೋಡಿದ್ದು ಅದೇ ಮೊದಲು.

ಸೂಪರ್‌ಹೀರೋ ಸಿನಿಮಾ ಗೆದ್ದಿತೋ ಸೋತಿತೋ ಅಂತ ತಿಳಿಯಲು ನನ್ನ ಹತ್ತಿರ ಒಂದು ಅಳತೆ ಇದೆ. ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್. ಸಿನಿಮಾ ಮನಸ್ಸಿಗೆ ಬಂದಿದ್ದರೆ ಮಗಳು ಮನೆ ಮುಟ್ಟುವವರೆಗೂ ಮಾತಾಡುತ್ತಾಳೆ. ಸಾಧಾರಣ ಇದ್ದರೆ ಅಣ್ಣಿಗೇರಿ ದಾಟುವಾಗ ನಿದ್ದೆ. ಸೋತಿದ್ದರೆ ಬಸ್ ಬಿಡುವ ಮೊದಲೇ ಕಿವಿಗೆ ಇಯರ್‌ಫೋನ್. ಅವತ್ತು ಮನೆಗೆ ಬಂದು ಊಟಕ್ಕೆ ಕೂತರೂ ಅವಳ ಮಾತು ಮುಗಿಯಲಿಲ್ಲ.

ಅವಳು ಹೇಳಿದ್ದರಲ್ಲಿ ಅರ್ಧಕ್ಕರ್ಧ ಹೊಡೆದಾಟದ ಬಗ್ಗೆ ಅಲ್ಲ. ಮೈಲ್ಸ್‌ನ ಅಮ್ಮ ರಿಯೊ ಬಗ್ಗೆ. ಅವರು ನರ್ಸ್, ಪೋರ್ಟೊ ರಿಕೊ ಮೂಲದವರು. ಅಪ್ಪ ಜೆಫರ್ಸನ್ ಪೊಲೀಸ್. ಅಪ್ಪನಿಗೆ ಕ್ಯಾಪ್ಟನ್ ಆಗಿ ಬಡ್ತಿ ಸಿಗುವ ಖುಷಿಗೆ ಮನೆಯ ತಾರಸಿ ಮೇಲೆ ಪಾರ್ಟಿ ಇಟ್ಟಿರುತ್ತಾರೆ. ಮಗ ಕೇಕ್ ತರಲು ಹೋದವನು ಜಗತ್ತನ್ನು ಕಾಪಾಡುತ್ತ ತಡವಾಗಿ ಬರುತ್ತಾನೆ. ಕೇಕೂ ಹಾಳಾಗಿರುತ್ತದೆ. ತಾಯಿಗೆ ಮಗ ಏನೋ ಮುಚ್ಚಿಡುತ್ತಿದ್ದಾನೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಆಮೇಲೆ ಅವನನ್ನು ಕಳಿಸುವಾಗ ಅವಳು ಹೇಳುವ ಮಾತಿನ ತಾತ್ಪರ್ಯ ಇಷ್ಟು: ಇಲ್ಲಿಯವರೆಗೆ ಈ ಪುಟ್ಟ ಹುಡುಗನನ್ನು ನಾನು ನೋಡಿಕೊಂಡೆ, ಇನ್ನು ನೀನು ಎಲ್ಲೇ ಹೋದರೂ ಅವನನ್ನು ನೀನೇ ನೋಡಿಕೊಳ್ಳಬೇಕು. ಹದಿನಾಲ್ಕು ವರ್ಷದ ಮಗಳ ಪಕ್ಕ ಕೂತು ಅದನ್ನು ಕೇಳುವುದು ಸುಲಭ ಅಲ್ಲ.

ಕಥೆಯ ಗಂಟು ಹೇಳಿಬಿಡುತ್ತೇನೆ. ನೋಡಿಲ್ಲದವರು ಇದೊಂದು ಪ್ಯಾರಾ ಬಿಟ್ಟು ಮುಂದೆ ಹೋಗಿ. ಬೇರೆ ಬೇರೆ ಲೋಕಗಳ ಸ್ಪೈಡರ್-ಮ್ಯಾನ್‌ಗಳೆಲ್ಲ ಸೇರಿದ ಒಂದು ದೊಡ್ಡ ಪಡೆ ಇದೆ. ಮಿಗೆಲ್ ಒ'ಹಾರಾ ಅದರ ಮುಖ್ಯಸ್ಥ. ಪ್ರತಿ ಸ್ಪೈಡರ್-ಮ್ಯಾನ್ ಬದುಕಿನಲ್ಲೂ ಕೆಲವು ಸಾವುಗಳು ಆಗಲೇಬೇಕು, ತಪ್ಪಿಸಿದರೆ ಆ ಲೋಕವೇ ಅಳಿಯುತ್ತದೆ ಅಂತ ಅವನ ವಾದ. ಅಂದರೆ ಮೈಲ್ಸ್‌ನ ಅಪ್ಪ ಕ್ಯಾಪ್ಟನ್ ಆದ ಮೇಲೆ ಸಾಯಬೇಕು. ಇವನು ಸುಮ್ನೆ ನಿಂತು ನೋಡಬೇಕು. ನಮ್ಮಲ್ಲಿ ಇದಕ್ಕೆ ಹಣೆಬರಹ ಅನ್ನುತ್ತೇವೆ. ಮೈಲ್ಸ್ ಒಪ್ಪುವುದಿಲ್ಲ. ನನ್ನ ಕಥೆ ಹೇಗಿರಬೇಕು ಅಂತ ಎಲ್ಲರೂ ನನಗೇ ಹೇಳುತ್ತಿದ್ದಾರೆ, ನಾನು ನನ್ನದೇ ದಾರಿ ಮಾಡಿಕೊಳ್ಳುತ್ತೇನೆ ಅಂತ ಓಡುತ್ತಾನೆ. ನೂರಾರು ಸ್ಪೈಡರ್-ಮ್ಯಾನ್‌ಗಳು ಅವನ ಬೆನ್ನು ಹತ್ತುತ್ತಾರೆ.

ಈ ಜಾಗದಲ್ಲಿ ಹಾಲ್‌ನಲ್ಲಿದ್ದ ಹುಡುಗರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಅಭಿಮಾನಿಗಳ ಸ್ವಂತ ಜಗಳವನ್ನೇ ಸಿನಿಮಾದವರು ಕಥೆ ಮಾಡಿದ್ದಾರೆ. ಹಳೆಯ ಕಾಮಿಕ್‌ನಲ್ಲಿ ಹೇಗಿತ್ತೋ ಹಾಗೇ ಇರಬೇಕು ಅನ್ನುವವರು ಒಂದು ಕಡೆ, ಹೊಸದು ಬರಲಿ ಅನ್ನುವವರು ಇನ್ನೊಂದು ಕಡೆ. ಮೈಲ್ಸ್ ಕಾಮಿಕ್‌ಗೆ ಬಂದಿದ್ದೇ 2011ರಲ್ಲಿ. ಇವನು ನಿಜವಾದ ಸ್ಪೈಡರ್-ಮ್ಯಾನ್ ಅಲ್ಲ ಅಂತ ತಕರಾರು ಮಾಡಿದವರು ಆಗಲೂ ಇದ್ದರು. ಅವರಿಗೆ ಈ ಸಿನಿಮಾ ಹೆದರಲಿಲ್ಲ, ಅವರನ್ನು ಬೈಯಲೂ ಇಲ್ಲ. ಅವರ ಮಾತನ್ನು ಮಿಗೆಲ್‌ನ ಬಾಯಲ್ಲಿಟ್ಟು, ಅವನಿಗೂ ಒಂದು ದುಃಖ ಕೊಟ್ಟು, ಕೇಳಿಸಿಕೊಂಡಿತು.

ಇನ್ನು ಕೈಕೆಲಸ. ಇದರ ಬಗ್ಗೆ ನಾನು ಜಾಸ್ತಿ ಬರೆಯಲೇಬೇಕು. ಒಂದೊಂದು ಲೋಕಕ್ಕೂ ಒಂದೊಂದು ಕಾಗದ, ಒಂದೊಂದು ಶಾಯಿ ಇದೆ ಅನ್ನಿಸುತ್ತದೆ. ಗ್ವೆನ್ ಎಂಬ ಹುಡುಗಿಯ ಲೋಕ ಪೂರ್ತಿ ಜಲವರ್ಣ. ಅಪ್ಪನ ಜೊತೆ ಮುನಿಸಾದಾಗ ಗೋಡೆಯ ಬಣ್ಣ ಕರಗಿ ಕೆಳಗೆ ಇಳಿಯುತ್ತದೆ. ಅಪ್ಪ ಮಗಳು ಒಂದಾದಾಗ ಬಣ್ಣ ಬೆಚ್ಚಗಾಗುತ್ತದೆ. ಒಬ್ಬ ವಿಲನ್ ಇಟಲಿಯ ಹಳೆಯ ಕಾಲದಿಂದ ಬರುತ್ತಾನೆ. ಅವನು ಕಂದು ಕಾಗದದ ಮೇಲೆ ಶಾಯಿಯಲ್ಲಿ ಗೀಚಿದ ಚಿತ್ರದ ಹಾಗೇ ಓಡಾಡುತ್ತಾನೆ. ಲಂಡನ್ನಿನ ಸ್ಪೈಡರ್-ಮ್ಯಾನ್ ಹೋಬಿ ಅಂತೂ ಜೆರಾಕ್ಸ್ ಮಾಡಿ, ಕತ್ತರಿಸಿ, ಅಂಟಿಸಿದ ಪೋಸ್ಟರು. ಅವನ ಮೈ ಒಂದು ವೇಗದಲ್ಲಿ, ಕೈಯಲ್ಲಿರುವ ಗಿಟಾರ್ ಇನ್ನೊಂದು ವೇಗದಲ್ಲಿ ಅಲುಗಾಡುತ್ತದೆ. ಸೆಕೆಂಡಿಗೆ 24 ಚಿತ್ರ ಓಡುವುದು ಸಿನಿಮಾದ ರೂಢಿ. ಇಲ್ಲಿ ಅದನ್ನೂ ಬಳಪದ ಹಾಗೆ ಬಳಸಿದ್ದಾರೆ. 2018ರ ಮೊದಲ ಭಾಗದಲ್ಲೇ ಇದನ್ನು ಶುರು ಮಾಡಿದ್ದರು. ಕಾಡಿನ ದೃಶ್ಯದಲ್ಲಿ ಪಳಗಿದ ಸ್ಪೈಡರ್-ಮ್ಯಾನ್ ಪೀಟರ್‌ಗೆ ಸೆಕೆಂಡಿಗೆ 24 ಚಿತ್ರ, ಇನ್ನೂ ಕಲಿಯುತ್ತಿರುವ ಮೈಲ್ಸ್‌ಗೆ 12. ಹುಡುಗ ತಡವರಿಸುವುದು ಕಣ್ಣಿಗೆ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಆ ಭಾಗಕ್ಕೆ ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ.

ನಮ್ಮವನೂ ಒಬ್ಬ ಇದ್ದಾನೆ, ಪವಿತ್ರ್ ಪ್ರಭಾಕರ್. 2004ರಲ್ಲಿ ಕಾಮಿಕ್‌ಗೆ ಬಂದ ಭಾರತದ ಸ್ಪೈಡರ್-ಮ್ಯಾನ್. ಅವನ ಊರು ಮುಂಬಟ್ಟನ್, ಅಂದರೆ ಮುಂಬೈ ಮತ್ತು ಮ್ಯಾನ್‌ಹ್ಯಾಟನ್ ಸೇರಿಸಿದ ಊರು. ಅದರ ಬಣ್ಣ ನೋಡಿದ ಕೂಡಲೇ ನನಗೆ ನೆನಪಾಗಿದ್ದು ಇಂದ್ರಜಾಲ ಕಾಮಿಕ್ಸ್. ನಮ್ಮ ಸೋದರಮಾವನ ಟ್ರಂಕಿನಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳ ಹಳೇ ಸಂಚಿಕೆ ಇದ್ದವು. ಆಮೇಲೆ ತಿಳಿಯಿತು, ಕಲಾವಿದರು ಆ ಊರಿಗೆ ಅದೇ ಇಂದ್ರಜಾಲದ ಅಚ್ಚನ್ನು ಮಾದರಿ ಮಾಡಿಕೊಂಡಿದ್ದರಂತೆ. ಟ್ರಾಫಿಕ್ಕಿನ ಗದ್ದಲ, ಮೇಲೆ ಮೇಲೆ ಕಟ್ಟಿದ ಮನೆಗಳು, ಚಹಾವನ್ನು ಚಾಯ್ ಟೀ ಅಂದವನಿಗೆ ಪವಿತ್ರ್ ಬುದ್ಧಿ ಹೇಳುವುದು, ಎಲ್ಲ ಪರಿಚಯ ಇದ್ದವರು ಮಾಡಿದ ಕೆಲಸ. ಹಾವಾಡಿಗ, ಆನೆ ತೋರಿಸಿ ಭಾರತ ಅಂದುಬಿಡುವ ಸಿನಿಮಾಗಳನ್ನು ನೋಡಿ ಸಾಕಾಗಿತ್ತು ನನಗೆ.

ಎರಡು ವಾರ ಬಿಟ್ಟು ಅದೇ ಹಾಲ್‌ನಲ್ಲಿ 'ದ ಫ್ಲ್ಯಾಶ್' ನೋಡಿದೆವು. ಅದೂ ಬೇರೆ ಬೇರೆ ಲೋಕಗಳ ಕಥೆಯೇ. ಅದರಲ್ಲೂ ಹಣೆಬರಹ ತಿದ್ದಲು ಹೊರಟ ಹುಡುಗ. ಕೊಲೆಯಾದ ತಾಯಿಯನ್ನು ಉಳಿಸಲು ಬ್ಯಾರಿ ಕಾಲದಲ್ಲಿ ಹಿಂದಕ್ಕೆ ಓಡುತ್ತಾನೆ. ಕೊನೆಗೆ ಅವಳನ್ನು ಬಿಟ್ಟುಕೊಡಲೇಬೇಕು ಅಂತ ಗೊತ್ತಾಗಿ, ಅಂಗಡಿಯಲ್ಲಿ ಅವಳೆದುರು ನಿಲ್ಲುತ್ತಾನೆ. ಅವಳು ಮರೆತ ಟೊಮೆಟೊ ಡಬ್ಬಿ ತರಲು ಅಪ್ಪ ಹೊರಗೆ ಹೋದಾಗಲೇ ಕೊಲೆ ಆಗಿದ್ದು. ಅವಳ ಪ್ರಾಣ ಉಳಿಸಲು ತಾನೇ ಸಾಮಾನಿನ ಗಾಡಿಗೆ ಹಾಕಿದ್ದ ಆ ಡಬ್ಬಿಯನ್ನು ತಾನೇ ತೆಗೆಯುತ್ತಾನೆ. ಅವಳಿಗೆ ಇವನು ಯಾರು ಅಂತ ಗೊತ್ತಿಲ್ಲ. ಅಳುವ ಹುಡುಗ ಯಾರಾದರೇನು ಅಂತ ಅಪ್ಪಿಕೊಳ್ಳುತ್ತಾಳೆ. ತುಂಬ ಒಳ್ಳೆಯ ದೃಶ್ಯ. ನನ್ನ ಪ್ರಕಾರ ಆ ವರ್ಷದ ಸೂಪರ್‌ಹೀರೋ ಸಿನಿಮಾಗಳಲ್ಲೇ ಉತ್ತಮವಾದ ದೃಶ್ಯಗಳಲ್ಲಿ ಅದೂ ಒಂದು.

ಆದರೂ ಮಗಳು ಬಸ್ ಸ್ಟ್ಯಾಂಡಿನಲ್ಲೇ ಇಯರ್‌ಫೋನ್ ಹಾಕಿಕೊಂಡಳು.

ಯಾಕೆ ಅಂದರೆ ಆ ದೃಶ್ಯದ ಸುತ್ತ ಇದ್ದ ಕೆಲಸ ಅಷ್ಟು ಕಚ್ಚಾ. ಶುರುವಿನಲ್ಲಿ ಆಸ್ಪತ್ರೆ ಕಟ್ಟಡದಿಂದ ಕೂಸುಗಳು ಬೀಳುತ್ತವೆ. ಕೂಸುಗಳಲ್ಲ, ಮೇಣದ ಗೊಂಬೆಗಳು. ಕೊನೆಯಲ್ಲಿ ಹಳೆಯ ಸೂಪರ್‌ಮ್ಯಾನ್‌ಗಳು ಸಾಲಾಗಿ ಕಾಣಿಸುತ್ತಾರೆ. ಅವರಲ್ಲಿ ಕ್ರಿಸ್ಟೋಫರ್ ರೀವ್ ಒಬ್ಬರು, 2004ರಲ್ಲೇ ತೀರಿಕೊಂಡವರು. ಕಂಪ್ಯೂಟರ್‌ನಲ್ಲಿ ಮಾಡಿದ ಆ ಮುಖದಲ್ಲಿ ಜೀವ ಇರಲಿಲ್ಲ. ಬ್ಯಾರಿಯ ಕಣ್ಣಿಗೆ ಲೋಕ ಹಾಗೆ ಕಾಣುತ್ತದೆ, ಬೇಕಂತಲೇ ಹಾಗೆ ಮಾಡಿದ್ದು ಅಂತ ನಿರ್ದೇಶಕ ಆಂಡಿ ಮುಸ್ಕಿಯೆಟ್ಟಿ ಹೇಳಿದರು. ಇಲ್ಲೂ 'ಬೇಕಂತ ಮಾಡಿದ್ದು', ಅಲ್ಲೂ 'ಬೇಕಂತ ಮಾಡಿದ್ದು'. ಆದರೆ ಬೇಕಂತ ಸರಿಸಿದ ಪ್ಲೇಟು ಯಾವುದು, ತಾನಾಗೇ ಸರಿದ ಪ್ಲೇಟು ಯಾವುದು ಅಂತ ಶೀಟು ನೋಡಿದರೆ ಗೊತ್ತಾಗುತ್ತದೆ. ಬೇಕಂತ ಸರಿಸಿದ್ದಾದರೆ ಮುಖ ನಿಚ್ಚಳವಾಗಿರುತ್ತದೆ, ನೋಡಬೇಕಾದ ಜಾಗಕ್ಕೆ ಕಣ್ಣು ಹೋಗುತ್ತದೆ. ತಾನಾಗೇ ಸರಿದಿದ್ದರೆ ಮೊದಲು ಕೆಡುವುದೇ ಮುಖ.

ತೀರಿಹೋದವರನ್ನು ಹೀಗೆ ತರುವುದು ನಮಗೇನೂ ಹೊಸದಲ್ಲ. 2016ರ 'ನಾಗರಹಾವು' ಚಿತ್ರದಲ್ಲಿ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರ್‌ನಲ್ಲೇ ಕರೆತಂದಿದ್ದರು. ಅವರು ಹೋಗಿ ಹತ್ತಿರ ಹತ್ತಿರ ಏಳು ವರ್ಷ ಆಗಿತ್ತು. ನಾನು ವಿಷ್ಣು ಅಭಿಮಾನಿ. ಅವರು ಪರದೆಗೆ ಬಂದಾಗ ಎಲ್ಲರ ಜೊತೆ ನಾನೂ ಶಿಳ್ಳೆ ಹೊಡೆದೆ. ಆದರೆ ಆ ಕಣ್ಣಿನಲ್ಲಿ ನನಗೆ ಬೇಕಾದ ಮನುಷ್ಯ ಸಿಗಲಿಲ್ಲ. ಮನೆಗೆ ಬಂದು ಅವರದ್ದೊಂದು ಹಳೇ ಹಾಡು ಹಾಕಿಕೊಂಡು ಕೂತೆ. ರೀವ್ ಅಭಿಮಾನಿಗಳಿಗೆ ಏನಾಗಿರಬಹುದು ಅಂತ ನನಗೆ ಅರ್ಥ ಆಗುತ್ತದೆ. ನೆನಪು ಅವರ ಹತ್ತಿರ ಆಗಲೇ ಚೆನ್ನಾಗಿತ್ತು. ಅದರ ಕೆಟ್ಟ ಪ್ರತಿ ಯಾರಿಗೆ ಬೇಕು? ಅದೇ ಫ್ಲ್ಯಾಶ್‌ನಲ್ಲಿ 1989ರ ಬ್ಯಾಟ್‌ಮ್ಯಾನ್ ಮೈಕಲ್ ಕೀಟನ್ ಅವರು ನಿಜವಾಗಿ ಬಂದು ನಟಿಸಿದ ಭಾಗಕ್ಕೆ ಹಾಲ್‌ನಲ್ಲಿ ನಿಜವಾದ ಚಪ್ಪಾಳೆ ಬಿತ್ತು.

ದುಡ್ಡಿನ ಲೆಕ್ಕವೂ ಅದನ್ನೇ ಹೇಳಿತು. ಸ್ಪೈಡರ್-ವರ್ಸ್ ಜಗತ್ತಿನಾದ್ಯಂತ ಸುಮಾರು 69 ಕೋಟಿ ಡಾಲರ್ ಗಳಿಸಿತು. ಸುಮಾರು 20 ಕೋಟಿ ಡಾಲರ್ ಸುರಿದು ಮಾಡಿದ ಫ್ಲ್ಯಾಶ್ 27 ಕೋಟಿಯ ಹತ್ತಿರ ನಿಂತಿತು. ಪ್ರಚಾರ, ಥಿಯೇಟರ್‌ನವರ ಪಾಲು ಎಲ್ಲ ಕಳೆದರೆ ಅದು ನಷ್ಟವೇ.

ಸ್ಪೈಡರ್-ವರ್ಸ್‌ನಲ್ಲಿ ಕುಂದು ಇಲ್ಲ ಅಂತಲ್ಲ. 140 ನಿಮಿಷ ಓಡಿ, ಕಥೆ ಕುದಿಯುವ ಜಾಗದಲ್ಲಿ 'ಮುಂದುವರಿಯುವುದು' ಅಂತ ನಿಲ್ಲಿಸುತ್ತಾರೆ. ಮುಂದಿನ ಭಾಗ 2024ರ ಮಾರ್ಚ್‌ಗೆ ಅಂದಿದ್ದರು, ಅದು ಮುಂದಕ್ಕೆ ಹೋಯಿತು. ಪೂರ್ತಿ ದುಡ್ಡು ಕೊಟ್ಟವರಿಗೆ ಅರ್ಧ ಕಥೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಶುರುವಿನ ಕೆಲವು ದೃಶ್ಯಗಳಲ್ಲಿ ಸಂಗೀತದ ಅಡಿ ಮಾತು ಮುಳುಗಿತ್ತು. ಇದು ನಮ್ಮ ಹಾಲ್‌ನ ತೊಂದರೆ ಮಾತ್ರ ಅಲ್ಲ. ನಿರ್ಮಾಪಕರಲ್ಲಿ ಒಬ್ಬರಾದ ಫಿಲ್ ಲಾರ್ಡ್ ಅವರೇ ಸೌಂಡ್ ಏರಿಸಿ ಅಂತ ಥಿಯೇಟರ್‌ನವರನ್ನು ಕೇಳಿಕೊಂಡರು.

ಇನ್ನೊಂದು ವಿಷಯ ನನಗೆ ಜಾಸ್ತಿ ನೋವು ಕೊಟ್ಟಿತು. ಇದರಲ್ಲಿ ದುಡಿದ ಕೆಲವು ಕಲಾವಿದರು ಹೆಸರು ಮುಚ್ಚಿಟ್ಟು ಅಮೆರಿಕದ ಪತ್ರಿಕೆಯೊಂದರ ಹತ್ತಿರ ಮಾತಾಡಿದರು. ವರ್ಷಕ್ಕೂ ಮಿಕ್ಕಿ ವಾರದ ಏಳೂ ದಿನ, ದಿನಕ್ಕೆ 11 ಗಂಟೆಗೂ ಜಾಸ್ತಿ ಕೆಲಸ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿದ್ದು, ಸುಮಾರು 100 ಜನ ಬಿಟ್ಟು ಹೋದದ್ದು, ಇವೆಲ್ಲ ಅವರ ಮಾತುಗಳು. ಲಗ್ನದ ಸೀಸನ್ನಿನಲ್ಲಿ ರಾತ್ರಿಯೆಲ್ಲ ಮಷಿನ್ ಮುಂದೆ ನಿಂತು ಗೊತ್ತಿದೆ ನನಗೆ. ಪ್ರೂಫ್ ಓಕೆ ಮಾಡಿದ ಮೇಲೂ ಬದಲಾಯಿಸಿ ಅನ್ನುವ ಗಿರಾಕಿಯೂ ಗೊತ್ತು. ಇಷ್ಟು ಚಂದದ ಕೆಲಸ ಇಷ್ಟು ಜನರನ್ನು ಸುಸ್ತು ಮಾಡಿ ಆಗಬಾರದಿತ್ತು.

ಮನೆಯಲ್ಲಿ ನೋಡುವವರಿಗೆ ಒಂದು ಮಾತು. ಮೊಬೈಲ್‌ನಲ್ಲಿ ನೋಡಬೇಡಿ, ಡಾಟ್‌ಗಳು ಕಾಣುವುದಿಲ್ಲ. ಟಿವಿಯ ಸೆಟ್ಟಿಂಗ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಅನ್ನುವುದನ್ನು ಆಫ್ ಮಾಡಿ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರು ಇಟ್ಟಿರುತ್ತದೆ. ಅದು ಆನ್ ಇದ್ದರೆ ಎರಡು ಚಿತ್ರದ ನಡುವೆ ಟಿವಿ ತಾನೇ ಒಂದು ಚಿತ್ರ ಸೇರಿಸಿ ಎಲ್ಲವನ್ನೂ ಎಣ್ಣೆ ಸವರಿದ ಹಾಗೆ ಜಾರಿಸುತ್ತದೆ. ಹೋಬಿಯ ಗಿಟಾರ್, ಮೈಲ್ಸ್‌ನ ತಡವರಿಕೆ, ಎಲ್ಲ ಹಾಳು. ಮೊದಲ ಭಾಗ ನೋಡಿಲ್ಲದಿದ್ದರೆ ಅದನ್ನು ಮೊದಲು ನೋಡಿ. ಎಂಟು ವರ್ಷದ ಒಳಗಿನ ಮಕ್ಕಳಿಗೆ ಬಣ್ಣ, ವೇಗ ಸ್ವಲ್ಪ ಜಾಸ್ತಿಯೇ ಆಗಬಹುದು. ಪಕ್ಕ ಕೂತು ನೋಡಿ.

ಭಾರತದಲ್ಲಿ ಈ ಸಿನಿಮಾ 10 ಭಾಷೆಯಲ್ಲಿ ಬಂತು, ಕನ್ನಡವೂ ಅದರಲ್ಲಿ ಒಂದು. ನಾವು ಹೋದ ದಿನ ಕನ್ನಡದ ಶೋ ನಮ್ಮ ಬಸ್ಸಿನ ಟೈಮಿಗೆ ಹೊಂದಲಿಲ್ಲ, ಇಂಗ್ಲಿಷ್‌ನಲ್ಲೇ ನೋಡಿದೆವು. ಅರ್ಥ ಆಗದ ಕಡೆ ಮಗಳು ಹೇಳಿಕೊಟ್ಟಳು. ಮೂರನೆಯ ಭಾಗವೂ ಕನ್ನಡದಲ್ಲಿ ಬಂದರೆ ಕನ್ನಡದ ಶೋಗೇ ಹೋಗೋಣ ಅಂತ ಈಗಲೇ ಹೇಳಿಟ್ಟಿದ್ದಾಳೆ. ಅಜ್ಜಿಯನ್ನೂ ಕರೆದುಕೊಂಡು ಹೋಗಬೇಕಂತೆ. ರಿಯೊ ಬಗ್ಗೆ ಅಜ್ಜಿಗೆ ಪೂರ್ತಿ ಹೇಳಿ ಆಗಿದೆ. "ಆ ಹುಡುಗ ಅವ್ವನ ಕಡೆ ಮುಟ್ಟಿದನೋ ಇಲ್ಲೋ?" ಅಂತ ನಮ್ಮವ್ವ ಆಗಾಗ ಕೇಳುತ್ತಿರುತ್ತಾಳೆ.