ನಂದಿ ಜಾತ್ರೆ, ಸ್ಕಂದಗಿರಿ ಎಂದು ಮುಂಗಡ ಕೇಳುತ್ತಾರೆ, ಕೊಡಬೇಡಿ

ಶಿವರಾತ್ರಿಗೆ ನಂದಿ ಗ್ರಾಮದಲ್ಲಿ ಜಾಗರಣೆ, ಬೆಳಗಿನ ಜಾವ ಸ್ಕಂದಗಿರಿಯ ಮೇಲೆ ಸೂರ್ಯೋದಯ, ಇಳಿದು ಬಂದು ಭೋಗನಂದೀಶ್ವರನ ತೇರು. ಉಳಿಯಲು ಮನೆ, ಎರಡು ಹೊತ್ತು ಊಟ, ಗೈಡ್, ಅರಣ್ಯ ಇಲಾಖೆಯ ಅನುಮತಿ ಎಲ್ಲ ಸೇರಿ ತಲೆಗೆ 1,200 ರೂಪಾಯಿ. ಹೀಗೆಂದು ಯಾರಾದರೂ ವಾಟ್ಸ್ಆಪ್‌ನಲ್ಲಿ ಚಿತ್ರ ಕಳುಹಿಸಿದರೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ನಾನು ಕೊಟ್ಟೆ. ಎಂಟು ಜನರ 9,600 ರೂಪಾಯಿ ಹೋಯಿತು. ಹಣಕ್ಕಿಂತ ಹೆಚ್ಚಾಗಿ ಬೀಗರ ಮುಂದೆ ನನ್ನ ಮಾನ ಹೋಯಿತು.

ನಾನು ಬೆಂಗಳೂರಿನಿಂದ ಗೂಗಲ್ ನಕ್ಷೆ ಹಿಡಿದು ಬಂದವನಲ್ಲ. ಶಿಡ್ಲಘಟ್ಟ ತಾಲ್ಲೂಕಿನವನು, ರೇಷ್ಮೆ ಬೆಳೆಗಾರ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನಂದಿ ತೇರಿಗೆ ಬಾಳೆಹಣ್ಣು ಎಸೆದವನು. ಇಂಥ ನಾನೇ ನಮ್ಮದೇ ಜಿಲ್ಲೆಯ ಬೆಟ್ಟದ ಬುಡದಲ್ಲಿ ಮೋಸ ಹೋದೆ. ಅದನ್ನು ಬರೆಯಲು ಕೈ ಬರುತ್ತಿರಲಿಲ್ಲ. ಬರೆಯದಿದ್ದರೆ ಇನ್ನೊಬ್ಬರು ಸಿಕ್ಕಿಬೀಳುತ್ತಾರೆ ಎಂದು ಬರೆಯುತ್ತಿದ್ದೇನೆ.

ತಂಗಿಯನ್ನು ದಾವಣಗೆರೆಯ ಕಡೆಗೆ ಕೊಟ್ಟಿದ್ದೇವೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳ ಅತ್ತೆ ನಮ್ಮ ಕಡೆಯ ಜಾತ್ರೆ ನೋಡಿರಲಿಲ್ಲ. ಈ ಸಲ ಶಿವರಾತ್ರಿಗೆ ಬರುತ್ತೇವೆ ಎಂದರು. ತಂಗಿಯ ಇಬ್ಬರು ಹೆಣ್ಣುಮಕ್ಕಳಿಗೆ ಮೋಡದ ಮೇಲೆ ನಿಂತು ಸೂರ್ಯನನ್ನು ನೋಡಬೇಕೆಂಬ ಆಸೆ. ನನ್ನ ಮಗನೂ ಅದೇ ಹಟ ಹಿಡಿದ. ಜಾಗರಣೆ ಮುಗಿಸಿ ಶಿಡ್ಲಘಟ್ಟಕ್ಕೆ ಹಿಂದಿರುಗಿ, ಮತ್ತೆ ಮೂರು ಗಂಟೆಗೆ ಎದ್ದು ಬರುವುದು ಆಗುವ ಮಾತಲ್ಲ. ವಯಸ್ಸಾದವರಿಗೆ ಕಾಲು ಚಾಚಲು ಹತ್ತಿರದಲ್ಲೇ ಒಂದು ಮನೆ ಬೇಕಿತ್ತು. ಆಗಲೇ ಈ ಚಿತ್ರ ಕಣ್ಣಿಗೆ ಬಿತ್ತು. ಬಿಳಿ ಗೋಡೆಯ ಮನೆ, ಹಸಿರು ಪರದೆ, ಜಗುಲಿಯಲ್ಲಿ ಬೆತ್ತದ ತೂಗುಕುರ್ಚಿ, ಕಿಟಕಿಯಾಚೆ ಬೆಟ್ಟ.

ಕರೆ ಮಾಡಿದೆ. ಮಾತು ಬೆಣ್ಣೆಯಂತಿತ್ತು. "ಅಣ್ಣಾ, ನಮ್ಮ ತಾಲ್ಲೂಕಿನ ಪಕ್ಕದವರೇ ನೀವು, ನಿಮಗೆ ಸುಳ್ಳು ಹೇಳುತ್ತೇನೆಯೇ?" ಎಂದ. ಮನೆ ನೋಡಲು ಬರುತ್ತೇನೆ ಎಂದೆ. "ಈಗ ಅಲ್ಲಿ ಜನ ಇದ್ದಾರೆ ಅಣ್ಣಾ, ಹೆಂಗಸರು ಇದ್ದಾರೆ, ಚೆನ್ನಾಗಿರುವುದಿಲ್ಲ" ಎಂದ. ಅದೂ ಸರಿ ಅನ್ನಿಸಿತು. "ಇವತ್ತು ಸಂಜೆಯೊಳಗೆ 5,000 ಹಾಕದಿದ್ದರೆ ಬೇರೆಯವರಿಗೆ ಹೋಗುತ್ತದೆ, ಶಿವರಾತ್ರಿ ಅಲ್ಲವೇ" ಎಂದ. ಹಾಕಿದೆ. ಹಣ ತಲುಪಿದ ಮೇಲೆ ಕೈಮುಗಿದ ಚಿತ್ರ ಬಂತು.

ನಮ್ಮ ರೇಷ್ಮೆಗೂಡು ಮಾರುಕಟ್ಟೆಗೆ ಹೋದರೆ ರೀಲರುಗಳು, ಅಂದರೆ ಗೂಡು ಕೊಂಡು ನೂಲು ತೆಗೆಯುವವರು, ಏನು ಮಾಡುತ್ತಾರೆ? ಜಾಲರಿಯಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, ಒಂದೆರಡು ಕತ್ತರಿಸಿ ಹುಳು ನೋಡುತ್ತಾರೆ. ಆಮೇಲೆ ಬೆಲೆ. ನಮ್ಮ ಗೂಡನ್ನು ನೋಡದೆ ಯಾರೂ ಒಂದು ರೂಪಾಯಿಗೂ ಕೂಗುವುದಿಲ್ಲ. ಅದನ್ನು ವರ್ಷಕ್ಕೆ ಐದಾರು ಬೆಳೆ ಕಣ್ಣಾರೆ ಕಂಡ ನಾನು, ಅದೇ ಗೂಡು ಮಾರಿದ ದುಡ್ಡನ್ನು ಒಂದು ಚಿತ್ರ ನೋಡಿ ಕಳುಹಿಸಿದೆ. ಇದು ನನ್ನನ್ನು ಈಗಲೂ ಸುಡುತ್ತಿದೆ.

ಶಿವರಾತ್ರಿಯ ಸಂಜೆ ನಂದಿಗೆ ಹೋದೆವು. ದೇವಸ್ಥಾನದ ಬಗ್ಗೆ ನನ್ನ ದೂರೇನೂ ಇಲ್ಲ, ಅದನ್ನು ಹೇಳಲೇಬೇಕು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಮೂವರ ದರ್ಶನವೂ ಆಯಿತು. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳನ್ನು ಬೀಗಿತ್ತಿ ಕೈಯಲ್ಲಿ ಸವರಿ ನೋಡಿ, "ನಿಮ್ಮ ಊರಿನ ಪಕ್ಕದಲ್ಲೇ ಇಂಥದ್ದು ಇದೆಯಾ" ಎಂದರು. ಆಗ ನನಗೆ ಎಷ್ಟು ಹೆಮ್ಮೆಯಾಯಿತು! ಅಷ್ಟು ಹೆಮ್ಮೆ ಇದ್ದದ್ದಕ್ಕೇ ಆಮೇಲಿನದು ಅಷ್ಟು ಚುಚ್ಚಿತು.

ರಾತ್ರಿ ಹತ್ತೂವರೆಗೆ ಕರೆ ಮಾಡಿದರೆ, "ಅಣ್ಣಾ, ಆ ಮನೆಯಲ್ಲಿ ನೀರಿನ ಮೋಟಾರು ಕೆಟ್ಟಿದೆ, ಅದಕ್ಕಿಂತ ಒಳ್ಳೆಯ ಜಾಗ ಕೊಟ್ಟಿದ್ದೇನೆ" ಎಂದ. ಒಳ್ಳೆಯ ಜಾಗ ಎಂದರೆ ದ್ರಾಕ್ಷಿ ತೋಟದ ಅಂಚಿನ ತಗಡಿನ ಶೆಡ್. ಒಂದು ಮೂಲೆಯಲ್ಲಿ ಔಷಧಿ ಹೊಡೆಯುವ ಯಂತ್ರ, ನೀಲಿ ಡ್ರಮ್ಮು, ಇನ್ನೊಂದು ಮೂಲೆಯಲ್ಲಿ ಎಂಟು ಚಾಪೆ. ಔಷಧಿಯ ವಾಸನೆಗೆ ಚಿಕ್ಕ ಹುಡುಗಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ಅಲ್ಲಿದ್ದ ಹುಡುಗ, ಇಪ್ಪತ್ತರ ಆಸುಪಾಸಿನವನು, ಮೊದಲು ಕೇಳಿದ್ದೇ ಬಾಕಿ 4,600. "ಬಾಕಿ ಕೊಟ್ಟರೆ ಟಿಕೆಟ್ ಕಳುಹಿಸುತ್ತಾರೆ, ಇಲ್ಲದಿದ್ದರೆ ಬೆಳಿಗ್ಗೆ ಹತ್ತಲು ಆಗುವುದಿಲ್ಲ" ಎಂದ. ನನ್ನ ಹೆಂಡತಿ ಸೀರೆಯ ಸೆರಗು ಹಿಡಿದು ಪಕ್ಕಕ್ಕೆ ನಿಂತು, "ಕೊಡಬೇಡಿ, ಮನೆಗೆ ಹೋಗೋಣ" ಎಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಮಕ್ಕಳ ಮುಖ ನೋಡಿ ಕೊಟ್ಟೆ. ಊಟ ಎಂದು ಬಂದದ್ದು ತಣ್ಣಗಾದ ಚಿತ್ರಾನ್ನದ ಪೊಟ್ಟಣ. ಉಪವಾಸ ಇದ್ದವರಿಗೆ ಹಣ್ಣು ಕೊಡುತ್ತೇವೆ ಎಂದಿದ್ದರು, ಒಂದು ಬಾಳೆಹಣ್ಣೂ ಇರಲಿಲ್ಲ.

ಈಗ ಆ ಗಳಿಗೆ. ಅದನ್ನೇ ಹೇಳಬೇಕು.

ಬೆಳಗಿನ ಜಾವ ಸ್ಕಂದಗಿರಿಯ ಬುಡದ ಪಾಪಾಗ್ನಿ ಮಠದ ಹತ್ತಿರ ಕಾರು ನಿಲ್ಲಿಸಿ, ಟಾರ್ಚ್ ಹಿಡಿದು ನಡೆದೆವು. ಬೀಗಿತ್ತಿ ಮತ್ತು ತಂಗಿ ಕಾರಿನಲ್ಲೇ ಉಳಿದರು. ದಾರಿಯಲ್ಲಿ ಅರಣ್ಯ ಇಲಾಖೆಯ ಕಾವಲುಗಾರರು ಟಿಕೆಟ್ ಕೇಳಿದರು. "ನೀವು ಸುಮ್ಮನಿರಿ ಅಣ್ಣಾ, ನಾನು ಮಾತನಾಡುತ್ತೇನೆ" ಎಂದು ಹುಡುಗ ಮುಂದೆ ಹೋಗಿ ಮೊಬೈಲ್ ತೋರಿಸಿದ. ತೋರಿಸಿದ ಎಂದರೆ ಹೇಗೆ, ಹೆಬ್ಬೆರಳನ್ನು ಪರದೆಯ ಮೇಲ್ಭಾಗಕ್ಕೆ ಒತ್ತಿಕೊಂಡು. ಕಾವಲುಗಾರರು ಬಗ್ಗಿ ನೋಡಿದರು. "ಬೆರಳು ತೆಗೆಯಪ್ಪ" ಎಂದರು. ಅವನು ತೆಗೆಯಲಿಲ್ಲ. "ಬೆರಳು ತೆಗೆ" ಎಂದು ಮತ್ತೆ ಹೇಳಿದರು. ತೆಗೆದ. ಬೆರಳಿನ ಕೆಳಗೆ ಇದ್ದದ್ದು ದಿನಾಂಕ. ಮೂರು ವಾರ ಹಿಂದಿನ ಭಾನುವಾರ.

ಅಷ್ಟೇ ಅಲ್ಲ. ಟಿಕೆಟ್‌ನಲ್ಲಿ ಇದ್ದದ್ದು ನಾಲ್ಕು ಹೆಸರು. ಕಾವಲುಗಾರರು ಒಂದೊಂದೇ ಹೆಸರು ಓದಿ "ಇವರು ಯಾರು?" ಎಂದು ಕೇಳುತ್ತಾ ಹೋದರು. ನಾಲ್ಕರಲ್ಲಿ ಒಂದೂ ನಮ್ಮವರ ಹೆಸರಲ್ಲ. ಯಾರೋ ಹಿಂದೆ ಹತ್ತಿ ಇಳಿದು ಹೋದವರ ಟಿಕೆಟ್. ನನ್ನ ಮಗ ಒಮ್ಮೆ ಹುಡುಗನನ್ನು, ಒಮ್ಮೆ ನನ್ನನ್ನು ನೋಡಿದ. ಭಾವ ಏನೂ ಮಾತನಾಡಲಿಲ್ಲ. ಟಾರ್ಚ್ ಆರಿಸಿದರು, ಅಷ್ಟೇ. ಆ ಕತ್ತಲಲ್ಲಿ ನಾನು ನಿಂತ ರೀತಿ ನನಗೆ ಮರೆಯಲು ಆಗುತ್ತಿಲ್ಲ. ಸುಳ್ಳು ಟಿಕೆಟ್ ತೋರಿಸಿದವರ ಗುಂಪಿನಲ್ಲಿ, ಕಳ್ಳನಂತೆ, ಮಕ್ಕಳ ಕೈ ಹಿಡಿದುಕೊಂಡು.

ನಾನು ಗುರುತಿನ ಚೀಟಿ ತೆಗೆದು ಹಣ ಕಟ್ಟುತ್ತೇನೆ ಎಂದೆ. ಇಲ್ಲಿ ಹಣ ತೆಗೆದುಕೊಳ್ಳುವಂತಿಲ್ಲ, ಇಲಾಖೆಯ ಜಾಲತಾಣದಲ್ಲಿ ಹೆಸರು ಕೊಟ್ಟು ಮೊದಲೇ ಮಾಡಿಸಬೇಕು ಎಂದರು. ಅವರು ಒರಟಾಗಿ ಮಾತನಾಡಲಿಲ್ಲ. ಅಷ್ಟರಲ್ಲಿ ಈ ಹುಡುಗ ನನ್ನ ಕಿವಿಯಲ್ಲಿ, "ಆ ಕಡೆಯಿಂದ ಕುರಿ ಕಾಯುವವರ ದಾರಿ ಇದೆ, 500 ಕೊಟ್ಟರೆ ಕರೆದುಕೊಂಡು ಹೋಗುತ್ತೇನೆ" ಎಂದ. ಬಂಡೆ ಬೆಟ್ಟ, ಒಣಗಿದ ಹುಲ್ಲು, ಕತ್ತಲು, ಮೂರು ಮಕ್ಕಳು. ನಾನು ಬೈಯುವ ಮೊದಲೇ ಕಾವಲುಗಾರರಿಗೆ ಕೇಳಿಸಿತು. "ಬಿದ್ದರೆ ಎತ್ತಿಕೊಂಡು ಬರುವವರು ನಾವು. ಈ ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಇಡೀ ಗುಡ್ಡ ಉರಿಯುತ್ತದೆ" ಎಂದು ಅವನನ್ನು ಗದರಿದರು. ನಾನು ತಿರುಗಿ ನೋಡುವಷ್ಟರಲ್ಲಿ ಹುಡುಗ ಇರಲಿಲ್ಲ. ಹೋಗಿಬಿಟ್ಟಿದ್ದ.

ಸೂರ್ಯ ಹುಟ್ಟಿದ್ದನ್ನು ಕಾರಿನ ಪಕ್ಕ ನಿಂತು ನೋಡಿದೆವು. ಬೀಗಿತ್ತಿ, "ಇರಲಿ ಬಿಡಪ್ಪ, ದೇವರ ದರ್ಶನ ಆಯಿತಲ್ಲ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ಆ ಫೋನಿನವನ ಉತ್ತರಗಳನ್ನು ಕೇಳಿ. ಮೊದಲ ಕರೆಗೆ, "ಹುಡುಗ ತಪ್ಪು ಟಿಕೆಟ್ ತೋರಿಸಿದ್ದಾನೆ, ಸರಿಯಾದದ್ದು ನನ್ನ ಬಳಿ ಇದೆ." ಕಳುಹಿಸು ಎಂದೆ. "ನೆಟ್‌ವರ್ಕ್ ಇಲ್ಲ ಅಣ್ಣಾ." ಕರೆಯಲ್ಲಿ ಇಷ್ಟು ಸ್ಪಷ್ಟವಾಗಿ ಮಾತನಾಡುವವನಿಗೆ ನೆಟ್‌ವರ್ಕ್ ಇಲ್ಲ! ಎರಡನೆಯ ಕರೆಗೆ, "ನಾನು ಬುಕಿಂಗ್ ಮಾಡಿಕೊಡುವವನು ಮಾತ್ರ, ಬೆಟ್ಟದ ವ್ಯವಹಾರ ಬೇರೆಯವರದು." ಹಾಗಾದರೆ ಆ ಬೇರೆಯವರ ನಂಬರ್ ಕೊಡು ಎಂದೆ. "ಅವರು ಜಾಗರಣೆ ಮುಗಿಸಿ ಮಲಗಿದ್ದಾರೆ." ಮೂರನೆಯ ಕರೆಗೆ, "ನೀವೇ ತಡವಾಗಿ ಹೋದಿರಿ." ನಾವು ಅವನು ಹೇಳಿದ ಗಂಟೆಗೆ ಹತ್ತು ನಿಮಿಷ ಮೊದಲೇ ಅಲ್ಲಿದ್ದೆವು. ನಾಲ್ಕನೆಯದಕ್ಕೆ, "ಮುಂದಿನ ವಾರ ಬನ್ನಿ, ಉಚಿತವಾಗಿ ಹತ್ತಿಸುತ್ತೇನೆ." ದಾವಣಗೆರೆಯವರು ಮುಂದಿನ ವಾರ ಮತ್ತೆ ಬರಬೇಕಂತೆ. ಕೊನೆಗೆ ನಾನು ದನಿ ಎತ್ತಿದಾಗ ಅವನು ಹೇಳಿದ್ದು, "ಶಿವರಾತ್ರಿಯಲ್ಲಿ ಜಗಳ ಆಡಬಾರದು ಅಣ್ಣಾ, ಒಂಬತ್ತು ಸಾವಿರಕ್ಕೆ ಇಷ್ಟು ಕೂಗಾಡುತ್ತೀರಾ?"

ಒಂಬತ್ತು ಸಾವಿರಕ್ಕೆ! ಆ ಹಣಕ್ಕೆ ನನ್ನ ಹೆಂಡತಿ ಎಷ್ಟು ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದ್ದಾಳೆ ಎಂದು ಅವನಿಗೇನು ಗೊತ್ತು? ನನ್ನ ಹಣವನ್ನು ನುಂಗಿ ನನಗೇ ಶಿವರಾತ್ರಿಯ ನಿಯಮ ಹೇಳುತ್ತಾನೆ. ಅದಾದ ಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ. ಹೆಂಡತಿಯ ಫೋನಿನಿಂದ ಕರೆ ಮಾಡಿದರೆ ನನ್ನ ದನಿ ಕೇಳಿ ಅದನ್ನೂ ಬ್ಲಾಕ್ ಮಾಡಿದ.

ಮಧ್ಯಾಹ್ನ ತೇರಿಗೆ ನಿಂತೆವು. ದವನ ಸಿಕ್ಕಿಸಿದ ಬಾಳೆಹಣ್ಣು ಎಸೆದೆವು. ಮಕ್ಕಳು ನಕ್ಕರು. ನನಗೆ ತೇರು ನೆನಪಿನಲ್ಲಿಲ್ಲ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಸ್ಕಂದಗಿರಿಗೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ, ನಿಮ್ಮ ಗುರುತಿನ ಚೀಟಿ ಕೊಟ್ಟು, ನೀವೇ ಟಿಕೆಟ್ ಮಾಡಿ. "ಅನುಮತಿ ನಾವು ನೋಡಿಕೊಳ್ಳುತ್ತೇವೆ" ಎಂದವನನ್ನು ನಂಬಬೇಡಿ. ಬೇರೆಯವರು ಮಾಡಿಸಿದ್ದರೆ ಬಾಕಿ ಕೊಡುವ ಮೊದಲು ದಿನಾಂಕ, ಹೆಸರು ಎರಡನ್ನೂ ಓದಿ. ಮನೆ ಎಂದರೆ ಮನೆಯನ್ನು ಕಣ್ಣಾರೆ ನೋಡಿ, ಹತ್ತಿರದವರಾದರೆ ಒಂದು ದಿನ ಮೊದಲೇ ಹೋಗಿ ಬನ್ನಿ, ನಾಚಿಕೆ ಪಡಬೇಡಿ. ಯಾರಾದರೂ ಕಳ್ಳದಾರಿ ತೋರಿಸಿದರೆ ಅಲ್ಲಿಂದಲೇ ಹಿಂದಿರುಗಿ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ಅವಮಾನದಿಂದ ಎರಡು ದಿನ ಸುಮ್ಮನಿದ್ದು ಆಮೇಲೆ ಮಾಡಿದೆ, ತಡ ಮಾಡಿದ್ದು ತಪ್ಪು. ದೂರು ದಾಖಲಾಗಿದೆ, ಹಣ ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ಮನೆಗೆ ಬಂದ ಮೇಲೆ ತಂಗಿಯ ದೊಡ್ಡ ಮಗಳು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಮಾವ, ಕಿಟಕಿಯ ಆಚೆ ಇರುವುದು ಟೀ ತೋಟ ಅಲ್ಲವಾ?" ಎಂದಳು. ಹೌದು, ಟೀ ತೋಟ. ಸಾಲು ಸಾಲಾಗಿ ಕತ್ತರಿಸಿದ ಗಿಡಗಳು. ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಹಿಪ್ಪುನೇರಳೆ ಇದೆ, ದ್ರಾಕ್ಷಿ ಇದೆ, ಟೊಮೆಟೊ ಇದೆ, ಟೀ ಎಲ್ಲಿದೆ? ಹುಟ್ಟಿದಾಗಿನಿಂದ ಈ ಮಣ್ಣಿನಲ್ಲಿ ಇರುವ ನನ್ನ ಕಣ್ಣಿಗೆ ಅದು ಕಾಣಲಿಲ್ಲ.

ನಿನ್ನೆ ಅದೇ ಚಿತ್ರ ಇನ್ನೊಂದು ನಂಬರಿನಿಂದ ನಮ್ಮ ಊರಿನ ಗುಂಪಿಗೆ ಬಂದಿದೆ. ಈ ಸಲ ಯುಗಾದಿಯ ರಜೆಗೆ, ತಲೆಗೆ 1,500 ರೂಪಾಯಿ. ಅದೇ ಹಸಿರು ಪರದೆ, ಅದೇ ಬೆತ್ತದ ಕುರ್ಚಿ, ಕಿಟಕಿಯಾಚೆ ಅದೇ ಟೀ ತೋಟ.