ಸೆಕೆಂಡ್ ಹ್ಯಾಂಡ್ ಟ್ಯಾಬ್: ಹೊಸ ಓಎಸ್ ಯಾವುದಕ್ಕೆ ಸಿಗುತ್ತದೆ?

ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ನನ್ನ ತಂಗಿಗೆ ಹಳೆ ಟ್ಯಾಬ್ ಬೇಕಿತ್ತು. ಹುಡುಕಿ ಕೊನೆಗೆ ಉಳಿದ ಆಯ್ಕೆ ಎರಡು: ಎಂಟನೇ ತಲೆಮಾರಿನ ಐಪ್ಯಾಡ್, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ7. ಎರಡೂ 2020ರವು, ಎರಡರಲ್ಲೂ 3 ಜಿಬಿ ರ‍್ಯಾಮ್ ಸಿಗುತ್ತದೆ.

ಓಎಸ್ (ಟ್ಯಾಬ್ ನಡೆಸುವ ಮೂಲ ತಂತ್ರಾಂಶ) ವಿಷಯದಲ್ಲಿ ಅಂತರ ದೊಡ್ಡದು. ಐಪ್ಯಾಡ್ ಬಂದದ್ದು ಐಪ್ಯಾಡ್‌ಓಎಸ್ 14ರ ಜೊತೆ. 2025ರ ಐಪ್ಯಾಡ್‌ಓಎಸ್ 26 ಕೂಡ ಅದಕ್ಕೆ ಸಿಕ್ಕಿದೆ. ಟ್ಯಾಬ್ ಎ7 ಆಂಡ್ರಾಯ್ಡ್ 10ರಲ್ಲಿ ಶುರುವಾಗಿ 12ಕ್ಕೆ ನಿಂತಿತು. ಮೊಬೈಲಿನಿಂದಲೇ ಹಣ ಕಳಿಸುವವರಿಗೆ ಇದು ಅಷ್ಟು ತೊಂದರೆಯಲ್ಲ. ಟ್ಯಾಬ್‌ನಲ್ಲೇ ಬ್ಯಾಂಕ್ ಆ್ಯಪ್ ಬಳಸುತ್ತೀರಾ? ಹಾಗಾದರೆ ಹಳೆ ಓಎಸ್‌ನಲ್ಲೇ ನಿಂತ ಟ್ಯಾಬ್ ಎ7 ಖಂಡಿತ ಬೇಡ.

ಲೀನಿಯೇಜ್‌ಓಎಸ್ (ಆಸಕ್ತರು ಸೇರಿ ಮಾಡುವ ಉಚಿತ ಆಂಡ್ರಾಯ್ಡ್ ಆವೃತ್ತಿ) ಟ್ಯಾಬ್ ಎ7ಗೆ ಹಾಕಿದರೆ ಆಯ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು. ಆದರೆ ಬೂಟ್‌ಲೋಡರ್ (ಆನ್ ಮಾಡಿದಾಗ ಓಎಸ್ ಶುರುಮಾಡುವ ತಂತ್ರಾಂಶ) ಬೀಗ ಬಿಚ್ಚುವಾಗ ಒಳಗಿನದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ.

ಹಾಗಂತ ಐಪ್ಯಾಡ್ ನಿರಾಳವೂ ಅಲ್ಲ. 32 ಜಿಬಿಯದ್ದರಲ್ಲಿ ಅಪ್‌ಡೇಟ್‌ಗೆ ಜಾಗವೇ ಸಾಲದೆ ಹೋಗಬಹುದು. ಕಂಪ್ಯೂಟರ್‌ಗೆ ಕೇಬಲ್ ಹಾಕಿ ಅಪ್‌ಡೇಟ್ ಮಾಡಿದರೆ ಕಡಿಮೆ ಜಾಗದಲ್ಲೇ ಕೆಲಸ ಮುಗಿಯುತ್ತದೆ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ನಿಧಾನವಾಯಿತು ಅಂತ ಹಿಂದಿನ ಆವೃತ್ತಿಗೆ ಹೋಗುವ ದಾರಿಯನ್ನು ಆಪಲ್ ಸ್ವಲ್ಪ ದಿನದಲ್ಲೇ ಮುಚ್ಚಿಬಿಡುತ್ತದೆ. ಮೆಮೊರಿ ಕಾರ್ಡ್ ಹಾಕಲೂ ಬರುವುದಿಲ್ಲ; ಟ್ಯಾಬ್ ಎ7ಗೆ ಹಾಕಬಹುದು.

ಕ್ಲಾಸ್ ವೀಡಿಯೊ, ಪಿಡಿಎಫ್ ಅಷ್ಟೇ ಸಾಕು, ದುಡ್ಡೂ ಕಡಿಮೆ ಅಂದರೆ ಟ್ಯಾಬ್ ಎ7 ಸಾಕು. ತಂಗಿಗೆ ನಾನು ಹೇಳಿದ್ದು 128 ಜಿಬಿ ಐಪ್ಯಾಡ್. ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ಆವೃತ್ತಿ ನೋಡಿ, ಹಳೆ ಮಾಲೀಕರ ಆಪಲ್ ಖಾತೆ ತೆಗೆಸಿದ ಮೇಲೆಯೇ ದುಡ್ಡು ಕೊಡಿ.